ಲುಕ್ಲಾದಿಂದ ಸೌತ್ ಕೋಲ್ ದಾಟಿ: ಎವರೆಸ್ಟ್ ಹಾದಿಯ ಗಂಟೆ-ಗಳಿಗೆಯ ಲೆಕ್ಕ

ನೇಪಾಳದ ಕಡೆಯಿಂದ ಎವರೆಸ್ಟ್‌ಗೆ ಹೋಗುವವರಿಗೆ ಅಪಾಯ ಲುಕ್ಲಾದ ರನ್‌ವೇಯಲ್ಲೇ ಎದುರಾಗುತ್ತದೆ. ಉದ್ದ 527 ಮೀಟರ್. ಒಂದು ತುದಿಗೆ ಕಣಿವೆ, ಇನ್ನೊಂದು ತುದಿಗೆ ಗುಡ್ಡದ ಗೋಡೆ, ನಡುವೆ ಶೇ. 12ರಷ್ಟು ಏರು. ಇಳಿಯುವ ವಿಮಾನ ಏರಿನ ಕಡೆ ಓಡಿ ನಿಲ್ಲಬೇಕು, ಹೊರಡುವ ವಿಮಾನ ಇಳಿಜಾರಿನಲ್ಲಿ ಓಡಿ ಕಣಿವೆಯ ಮೇಲಕ್ಕೆ ಹಾರಬೇಕು. ಕೊನೇ ಗಳಿಗೆಯಲ್ಲಿ ಬೇಡವೆನಿಸಿದರೆ ಮತ್ತೆ ಮೇಲೇರಿ ಸುತ್ತು ಹಾಕಿ ಬರಲು ಜಾಗವಿಲ್ಲ. ಹೊತ್ತೇರಿದಂತೆ ಗಾಳಿ, ಮೋಡ ಎರಡೂ ಕಣಿವೆಯನ್ನು ತುಂಬುವುದರಿಂದ ಹಾರಾಟವೆಲ್ಲ ಬೆಳಗ್ಗೆಯೇ. ಜನ ಹೆಚ್ಚಿರುವ ತಿಂಗಳುಗಳಲ್ಲಿ ವಿಮಾನಗಳು ಕಠ್ಮಂಡುವಿನ ಬದಲು ರಾಮೆಛಾಪ್ ಜಿಲ್ಲೆಯ ಮಂಥಲಿಯಿಂದ ಹೊರಡುತ್ತವೆ. ಅಂದರೆ ನಡುರಾತ್ರಿ ಕಳೆಯುತ್ತಲೇ ಜೀಪು ಹತ್ತಿ ನಾಲ್ಕೈದು ಗಂಟೆ ಘಾಟಿ ರಸ್ತೆ. ಮರಳುವ ಟಿಕೆಟ್ ಮಾಡಿಸುವಾಗ ಎರಡು ಮೂರು ದಿನ ಕೈಯಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ಲುಕ್ಲಾ 2,860 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಕುಮಾರ ಪರ್ವತವನ್ನು ಭಾರ ಹೊತ್ತು ಹತ್ತಿಳಿದರೆ ಕಾಲಿಗೆ ಕಸುವು ಬರುತ್ತದೆ, ನಿಜ. ಆದರೆ ತೆಳು ಗಾಳಿಗೆ ರಕ್ತ, ಶ್ವಾಸಕೋಶ ಒಗ್ಗಿಕೊಳ್ಳುವ ಕೆಲಸ ಸಹ್ಯಾದ್ರಿಯಲ್ಲಿ ಒಂದಿಷ್ಟೂ ಆಗದು. ಅದಕ್ಕೆ ಎತ್ತರದಲ್ಲೇ ದಿನ ಕಳೆಯಬೇಕು. ಮ್ಯಾರಥಾನ್ ಓಡುವವರೂ ಇಲ್ಲಿ ಮಲಗಿಬಿಡುವುದುಂಟು. ಶಕ್ತಿಯಿದೆಯೆಂದು ಬೇಗ ಬೇಗ ಏರುವುದೇ ಅದಕ್ಕೆ ಕಾರಣ.

ಹಾದಿ ಹೀಗಿದೆ: ನಾಮ್ಚೆ ಬಜಾರ್ 3,440, ತೆಂಗ್‌ಬೋಚೆ 3,860, ದಿಂಗ್‌ಬೋಚೆ 4,410, ಲೋಬುಚೆ 4,940, ಗೋರಕ್‌ಶೇಪ್ 5,164, ಬೇಸ್ ಕ್ಯಾಂಪ್ 5,364 ಮೀಟರ್. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಊರಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ನಾಮ್ಚೆ, ದಿಂಗ್‌ಬೋಚೆಗಳಲ್ಲಿ ಎರಡೆರಡು ರಾತ್ರಿ ತಂಗುವ ವಾಡಿಕೆ ಬಂದದ್ದು ಇದರಿಂದಲೇ. ಬಿಡುವಿನ ದಿನ ಸುಮ್ಮನೆ ಮಲಗುವುದಲ್ಲ, ಮುನ್ನೂರು ನಾನ್ನೂರು ಮೀಟರ್ ಮೇಲೆ ಹತ್ತಿ ಮತ್ತೆ ಕೆಳಗೆ ಬಂದು ನಿದ್ದೆ ಮಾಡಬೇಕು.

ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ, ನಿದ್ದೆಗೇಡು ಕಂಡರೆ ಅಲ್ಲಿಗೇ ನಿಲ್ಲಬೇಕು. ಕೂತಲ್ಲೇ ಏದುಸಿರು, ಎದೆಯಲ್ಲಿ ಗುಳುಗುಳು ಸದ್ದು, ನೊರೆ ಕಫ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಮಾತು ತೊದಲಿ, ಒಂದು ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲಾಗದಿದ್ದರೆ ಮಿದುಳು ಊದಿಕೊಂಡಿದೆ. ಈ ಎರಡಕ್ಕೂ ಮುಖ್ಯ ಮದ್ದು ಇಳಿಯುವುದು, ರಾತ್ರಿಯಾದರೂ ಸರಿ. ಅಸೆಟಜೋಲಮೈಡ್ 125 ಮಿ.ಗ್ರಾಂ. ದಿನಕ್ಕೆರಡು ಬಾರಿ ತೆಗೆದುಕೊಂಡರೆ ದೇಹ ಬೇಗ ಹೊಂದಿಕೊಳ್ಳುತ್ತದೆ. ಡೆಕ್ಸಾಮೆಥಸೋನ್, ನಿಫೆಡಿಪಿನ್ ತುರ್ತಿನವು, ವೈದ್ಯರನ್ನು ಕೇಳಿಯೇ ಇಟ್ಟುಕೊಳ್ಳಬೇಕು. ಡೆಕ್ಸಾ ನುಂಗಿ ಹುಷಾರಾಯಿತೆಂದು ಮೇಲಕ್ಕೇ ಹೊರಡುವವರಿದ್ದಾರೆ. ಔಷಧದ ಪರಿಣಾಮ ಇಳಿದ ಗಳಿಗೆಯಲ್ಲಿ ಅವರು ಇನ್ನೂ ಎತ್ತರದಲ್ಲಿರುತ್ತಾರೆ, ಗತಿ ಕೆಡುವುದು ಆಗ.

ಬೆಟ್ಟದ ಎತ್ತರ ಗೊತ್ತಾದ ಕಥೆಗೆ ಬೆಂಗಳೂರಿನ ನಂಟಿದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಆಧಾರರೇಖೆ ಅಳೆದು ಆರಂಭಿಸಿದ ತ್ರಿಕೋನ ಸರ್ವೆಯ ಮತ್ತೊಂದು ಆಧಾರರೇಖೆಯನ್ನು 1804ರಲ್ಲಿ ಬೆಂಗಳೂರಿನ ಬಳಿ ಅಳೆಯಲಾಯಿತು. ಆ ತ್ರಿಕೋನಗಳ ಸರಣಿ ಹಿಮಾಲಯದ ತಪ್ಪಲು ಮುಟ್ಟಿದ ಮೇಲೆ, 1852ರಲ್ಲಿ ರಾಧಾನಾಥ್ ಸಿಕ್ದರ್ ಅವರ ಗಣಿತದಿಂದ ‘ಹದಿನೈದನೇ ಶಿಖರ’ (ಎವರೆಸ್ಟ್‌ಗೆ ಆಗ ಸರ್ವೆಯಲ್ಲಿದ್ದ ಹೆಸರು) ಎಲ್ಲಕ್ಕಿಂತ ಎತ್ತರದ್ದೆಂದು ತಿಳಿಯಿತು. 2020ರ ಡಿಸೆಂಬರ್‌ನಲ್ಲಿ ನೇಪಾಳ ಮತ್ತು ಚೀನಾ ಒಟ್ಟಾಗಿ ಸಾರಿದ ಎತ್ತರ 8,848.86 ಮೀಟರ್.

ಮೊದಲ ಪ್ರಯತ್ನಗಳೆಲ್ಲ ಟಿಬೆಟ್ ಕಡೆಯಿಂದ. 1922ರಲ್ಲಿ ನಾರ್ತ್ ಕೋಲ್ (ಕೋಲ್ ಎಂದರೆ ಎರಡು ಶಿಖರಗಳ ನಡುವಿನ ತಗ್ಗು) ಕೆಳಗೆ ಹಿಮಕುಸಿತಕ್ಕೆ ಸಿಕ್ಕಿ ಏಳು ಮಂದಿ ಹೊರೆಯಾಳುಗಳು ಸತ್ತರು. ಈ ಬೆಟ್ಟದ ಸಾವಿನ ಪಟ್ಟಿ ಬಹುಮಟ್ಟಿಗೆ ಅಲ್ಲಿಂದ ಬೆಳೆಯುತ್ತದೆ. 1924ರ ಜೂನ್ 8ರಂದು ಕಾಣೆಯಾದ ಬ್ರಿಟಿಷ್ ಆರೋಹಿ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಿತು. ಟಿಬೆಟ್ ಬಾಗಿಲು ಮುಚ್ಚಿ ನೇಪಾಳ ತೆರೆದ ಮೇಲೆ ದಕ್ಷಿಣದ ದಾರಿ ಹುಟ್ಟಿತು. 1952ರಲ್ಲಿ ಸ್ವಿಸ್ ತಂಡದ ಲ್ಯಾಂಬೆರ್ ಜೊತೆ ತೇನ್‌ಸಿಂಗ್ ಸುಮಾರು 8,600 ಮೀಟರ್ ಮುಟ್ಟಿ ಮರಳಿದರು. ಮರುವರ್ಷ ಮೇ 29ರ ಬೆಳಗ್ಗೆ 11.30ಕ್ಕೆ ಹಿಲರಿಯೊಡನೆ ತುದಿಯಲ್ಲಿದ್ದರು. ಬೆಳಗ್ಗೆ ಎಂಬುದನ್ನು ಗಮನಿಸಬೇಕು, ಇಳಿಯಲು ಹಗಲು ಇನ್ನೂ ಉಳಿದಿತ್ತು.

ಬೇಸ್ ಕ್ಯಾಂಪ್‌ನಿಂದ ಕ್ಯಾಂಪ್ 1ರ ನಡುವೆ ಖುಂಬು ಐಸ್‌ಫಾಲ್. ಹಿಮನದಿ ಕಡಿದಾದ ಬಂಡೆಯ ಮೇಲಿಂದ ಇಳಿಯುವಾಗ ಒಡೆದು, ಮನೆ ಗಾತ್ರದ ತುಂಡುಗಳಾಗಿ, ದಿನಕ್ಕೆ ಒಂದು ಮೀಟರ್‌ನಷ್ಟು ಜರುಗುತ್ತಿರುತ್ತದೆ. ಇಲ್ಲಿ ಪ್ರತಿ ವಸಂತದಲ್ಲಿ ಹಗ್ಗ, ಅಲ್ಯೂಮಿನಿಯಂ ಏಣಿಗಳಿಂದ ದಾರಿ ಮಾಡಿಕೊಡುವ ಶೆರ್ಪಾಗಳಿಗೆ ‘ಐಸ್‌ಫಾಲ್ ಡಾಕ್ಟರ್ಸ್’ ಎಂದೇ ಹೆಸರು. ಒಂದು ಬಿರುಕು ಅಗಲವಾಯಿತೆಂದರೆ ಏಣಿಗೆ ಏಣಿ ಕಟ್ಟಿ ಸೇರಿಸುತ್ತಾರೆ, ಗೋಡೆ ಬಿತ್ತೆಂದರೆ ಆ ದಿನವೇ ಸುತ್ತುದಾರಿ ಹುಡುಕುತ್ತಾರೆ.

ಏಣಿ ದಾಟುವ ಕ್ರಮ ಕೆಳಗೇ ರೂಢಿಯಾಗಬೇಕು. ಬೂಟಿನಡಿ ಕಟ್ಟುವ ಲೋಹದ ಹಲ್ಲುಗಳ ಚೌಕಟ್ಟಾದ ಕ್ರಾಂಪಾನ್‌ನ ಮುಂದಿನ ಹಲ್ಲು ಒಂದು ಮೆಟ್ಟಿಲಿನಾಚೆ, ಹಿಮ್ಮಡಿಯ ಹಲ್ಲು ಹಿಂದಿನ ಮೆಟ್ಟಿಲ ಮೇಲೆ ಕೂರುವಂತೆ ಪಾದ ಇಡಬೇಕು. ಎರಡೂ ಬದಿಯ ಕೈಹಗ್ಗವನ್ನು ಹಿಂದಿರುವವರು ಬಿಗಿಯಾಗಿ ಎಳೆದು ಹಿಡಿದರೆ ದಾಟುವವರು ತುಸು ಮುಂದಕ್ಕೆ ಬಾಗಿ ಆ ಬಿಗುವಿನ ಮೇಲೆ ನಿಲ್ಲಬಹುದು. ಸೊಂಟಕ್ಕೆ ಕಟ್ಟುವ ಹಾರ್ನೆಸ್‌ನಿಂದ ಎರಡು ಕೊಂಡಿ ಇರಬೇಕು, ಒಂದಕ್ಕೆ ಜುಮಾರ್ (ಹಗ್ಗದ ಮೇಲೆ ಮುಂದಕ್ಕಷ್ಟೇ ಜಾರುವ ಹಿಡಿ), ಇನ್ನೊಂದಕ್ಕೆ ಬರೀ ಕ್ಯಾರಬಿನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಕ್ಕೆ). ಹಗ್ಗವನ್ನು ಹಿಮಕ್ಕೆ ಬಿಗಿದ ಗಂಟು ಬಂದಾಗ ಮೊದಲು ಕ್ಯಾರಬಿನರ್ ಗಂಟಿನಾಚೆ ಹಾಕಿ, ಆಮೇಲೆ ಜುಮಾರ್ ಬಿಚ್ಚಬೇಕು. ದಣಿದಾಗ, ಕೈಗವಸು ದಪ್ಪವಿದ್ದಾಗ ಈ ಸರದಿ ತಲೆಕೆಳಗಾಗುತ್ತದೆ.

ಬಿಸಿಲು ಬೀಳುವ ಮೊದಲೇ ಐಸ್‌ಫಾಲ್ ದಾಟಬೇಕೆಂದು ಎರಡು ಮೂರು ಗಂಟೆ ರಾತ್ರಿಗೇ ಹೊರಡುತ್ತಾರೆ. ಆದರೂ 2014ರ ಏಪ್ರಿಲ್ 18ರಂದು ಮುಂಜಾನೆಯೇ ಎಡಬದಿಯಲ್ಲಿರುವ ಎವರೆಸ್ಟ್‌ನ ಪಶ್ಚಿಮ ಭುಜದಿಂದ ಹಿಮಗಡ್ಡೆ ಕಳಚಿ 16 ಮಂದಿ ನೇಪಾಳಿ ಕೆಲಸಗಾರರು ಸತ್ತರು. ಮಾರನೇ ವರ್ಷ ದಾರಿಯನ್ನು ನಡುವಿಗೆ ಸರಿಸಿದರು. ಆ ವರ್ಷ ಏಪ್ರಿಲ್ 25ರ ಭೂಕಂಪಕ್ಕೆ ಪುಮೋರಿ ಶಿಖರದ ಕಡೆಯಿಂದ ಕುಸಿದ ಹಿಮ ಬೇಸ್ ಕ್ಯಾಂಪನ್ನೇ ಗುಡಿಸಿಹಾಕಿತು. ಗಿರಾಕಿ ಐಸ್‌ಫಾಲನ್ನು ನಾಲ್ಕಾರು ಬಾರಿ ದಾಟಿದರೆ, ಅವರ ಟೆಂಟು, ಅಡಿಗೆ ಅನಿಲ, ಆಮ್ಲಜನಕ ಹೊರುವವರು ಅದರ ಎಷ್ಟೋ ಪಟ್ಟು ದಾಟುತ್ತಾರೆ. ‘ನಾನು ಎವರೆಸ್ಟ್ ಗೆದ್ದೆ’ ಎಂಬ ಫ್ಲೆಕ್ಸ್ ಕಂಡಾಗೆಲ್ಲ ಈ ಲೆಕ್ಕ ನೆನಪಾಗಬೇಕು. ಲೋಬುಚೆ ಪೂರ್ವ ಶಿಖರದಲ್ಲಿ ದೇಹ ಒಗ್ಗಿಸಿಕೊಂಡು ಬಂದು ಐಸ್‌ಫಾಲ್ ಸುತ್ತನ್ನು ಕಡಿಮೆ ಮಾಡುವ ತಂಡಗಳಿವೆ, ಅದು ಜಾಣತನ.

ಕ್ಯಾಂಪ್ 1 ಸುಮಾರು 6,050, ಕ್ಯಾಂಪ್ 2 ಸುಮಾರು 6,400 ಮೀಟರ್. ಇವುಗಳ ನಡುವಿನ ವೆಸ್ಟರ್ನ್ ಕೂಮ್ ಎಂಬ ಹಿಮಕಣಿವೆಯಲ್ಲಿ ಗಾಳಿಯಿಲ್ಲದ ಮಧ್ಯಾಹ್ನ ಮೂರೂ ಕಡೆಯ ಹಿಮದಿಂದ ಬಿಸಿಲು ಪ್ರತಿಫಲಿಸಿ ಬೆವರು ಹರಿಯುತ್ತದೆ. ಮೋಡ ಅಡ್ಡ ಬಂತೋ, ಅದೇ ಬೆವರು ಮೈಮೇಲೆ ಹೆಪ್ಪುಗಟ್ಟುತ್ತದೆ.

ಮುಂದೆ ಪಕ್ಕದ ಲೋತ್ಸೆ ಶಿಖರದ ಗೋಡೆ. ನಲವತ್ತು ಐವತ್ತು ಡಿಗ್ರಿ ಓರೆಯ ನೀಲಿ ಮಂಜುಗಡ್ಡೆ, ನಡುವೆ ಕೊರೆದ ಅಟ್ಟದ ಮೇಲೆ ಕ್ಯಾಂಪ್ 3. ಹಳೆಯ ವರ್ಷಗಳ ಹಗ್ಗಗಳು ಹೊಸದರ ಪಕ್ಕದಲ್ಲೇ ನೇತಾಡುತ್ತಿರುತ್ತವೆ, ಕೊಂಡಿ ಹಾಕುವ ಮೊದಲು ಯಾವುದು ಈ ವರ್ಷದ್ದೆಂದು ನೋಡಬೇಕು. ಟೆಂಟ್‌ನಿಂದ ಮೂತ್ರಕ್ಕೆಂದು ಎರಡು ಹೆಜ್ಜೆ ಹೊರಬಂದರೂ ಬೂಟು, ಕ್ರಾಂಪಾನ್ ಇರಬೇಕು, ಕೊಂಡಿ ಹಗ್ಗಕ್ಕಿರಬೇಕು. 1996ರಲ್ಲಿ ತೈವಾನ್ ತಂಡದ ಒಬ್ಬ ಆರೋಹಿ ಕ್ರಾಂಪಾನ್ ಇಲ್ಲದೆ ಟೆಂಟಿನಾಚೆ ಬಂದು ಜಾರಿ ಬಿದ್ದು, ಅದೇ ಪೆಟ್ಟಿಗೆ ತೀರಿಕೊಂಡರು.

ಎವರೆಸ್ಟ್, ಲೋತ್ಸೆಗಳ ನಡುವಿನ ತಗ್ಗಾದ ಸೌತ್ ಕೋಲ್ 7,906 ಮೀಟರ್. ಇಲ್ಲಿ ಉಳಿಯುವುದೇ ಸವೆಯುವುದು. ಗಾಳಿಯಲ್ಲಿ ಆಮ್ಲಜನಕ ಇಲ್ಲೂ ಶೇ. 21ರಷ್ಟೇ. ಕುಸಿದಿರುವುದು ಒತ್ತಡ. 1981ರಲ್ಲಿ ಅಮೆರಿಕದ ವೈದ್ಯಕೀಯ ತಂಡ ಶಿಖರದಲ್ಲಿ ಅಳೆದ ವಾಯುಒತ್ತಡ ಪಾದರಸದ 253 ಮಿ.ಮೀ., ಸಮುದ್ರಮಟ್ಟದಲ್ಲಿ 760. 1978ರಲ್ಲಿ ಮೆಸ್ನರ್, ಹಾಬೆಲರ್ ಎಂಬ ಆರೋಹಿಗಳು ಆಮ್ಲಜನಕದ ಸಿಲಿಂಡರ್ ಇಲ್ಲದೆ ತುದಿ ಮುಟ್ಟಿ ತೋರಿಸಿದರು. ಆದರೆ ಬಹುಪಾಲು ಜನರಿಗೆ ಸಿಲಿಂಡರೇ ಜೀವ.

ಸಾಮಾನ್ಯ ಸಿಲಿಂಡರ್ 4 ಲೀಟರಿನದು, 300 ಬಾರ್ ಒತ್ತಡಕ್ಕೆ ತುಂಬಿದರೆ 1,200 ಲೀಟರ್ ಅನಿಲ. ನಿಮಿಷಕ್ಕೆ 2 ಲೀಟರ್ ಹರಿಸಿದರೆ 10 ಗಂಟೆ, 4 ಲೀಟರ್ ಹರಿಸಿದರೆ 5 ಗಂಟೆ. ಕೋಲ್‌ನಿಂದ ತುದಿಗೆ ಹೋಗಿ ಬರಲು ಹದಿನಾಲ್ಕರಿಂದ ಹದಿನೆಂಟು ಗಂಟೆ ಹಿಡಿಯುತ್ತದೆ, ಆದ್ದರಿಂದ ಒಬ್ಬರಿಗೆ ಮೂರು ಸಿಲಿಂಡರಾದರೂ ಬೇಕು. ಒಂದನ್ನು 8,400 ಮೀಟರ್‌ನ ‘ಬಾಲ್ಕನಿ’ಯಲ್ಲಿ ಬದಲಿಸಿ, ಅರ್ಧ ಉಳಿದದ್ದನ್ನು ಇಳಿಯುವಾಗಿನ ಬಳಕೆಗೆ ಅಲ್ಲೇ ಇಡುತ್ತಾರೆ. ಸರದಿಯಲ್ಲಿ ಎರಡು ಗಂಟೆ ನಿಂತರೆ 2 ಲೀಟರ್ ಹರಿವಿನಲ್ಲೇ 240 ಲೀಟರ್ ವ್ಯರ್ಥ, ಜೊತೆಗೆ ನಡೆಯದ ಕಾಲ್ಬೆರಳುಗಳು ಮರಗಟ್ಟುತ್ತವೆ. 2019ರ ಮೇ ತಿಂಗಳಲ್ಲಿ ತುದಿಯ ಬಳಿ ನಿಂತ ಆರೋಹಿಗಳ ಸಾಲಿನ ಚಿತ್ರ ಜಗತ್ತಿನ ಎಲ್ಲರೂ ನೋಡಿದ್ದಾರೆ. ಉಸಿರಿನ ತೇವ ಮಾಸ್ಕ್‌ನ ಕವಾಟದಲ್ಲಿ ಹೆಪ್ಪುಗಟ್ಟಿ ಅನಿಲ ನಿಂತರೆ ತಕ್ಷಣ ತಿಳಿಯುವುದೂ ಇಲ್ಲ, ಮೊದಲು ಮಂಕಾಗುವುದು ಬುದ್ಧಿಯೇ. ರೆಗ್ಯುಲೇಟರ್‌ನ ಮಾಪಕವನ್ನು ಒಬ್ಬರದನ್ನು ಇನ್ನೊಬ್ಬರು ನೋಡಬೇಕು.

ರಾತ್ರಿ ಎಂಟು ಒಂಬತ್ತಕ್ಕೆ ಹೊರಟು, ಬೆಳಕು ಹರಿಯುವಾಗ 8,749 ಮೀಟರ್‌ನ ಸೌತ್ ಸಮಿಟ್ ಹತ್ತಿರ ಇರುವುದು ಗುರಿ. ಎಲ್ಲಿದ್ದರೂ ಸರಿ, ನಿಗದಿ ಮಾಡಿದ ಗಂಟೆಗೆ ಹಿಂತಿರುಗಬೇಕೆಂಬ ಕಟ್ಟಳೆ ಇದೆ. 1996ರ ಮೇ 10ರಂದು ಆ ಗಂಟೆ ಮಧ್ಯಾಹ್ನ ಎರಡು. ಮೇಲಿನ ಭಾಗದಲ್ಲಿ ಹಗ್ಗ ಕಟ್ಟಿರಲಿಲ್ಲ, ಅದಕ್ಕಾಗಿ ಕಾದು ಹೊತ್ತಾಯಿತು, ಎರಡು ಕಳೆದರೂ ಹಲವರು ಏರುತ್ತಲೇ ಇದ್ದರು. ಸಂಜೆಗೆ ಬಿರುಗಾಳಿ ಬಂತು. ಸತ್ತ ಎಂಟು ಜನರಲ್ಲಿ ಮೂವರು ಉತ್ತರ ಬದಿಯಲ್ಲಿದ್ದ ನಮ್ಮ ಇಂಡೋ-ಟಿಬೆಟನ್ ಗಡಿ ಪೊಲೀಸರು. 1921ರಿಂದ 2006ರವರೆಗಿನ ಸಾವುಗಳನ್ನು ಕೆದಕಿದ ವೈದ್ಯಕೀಯ ಅಧ್ಯಯನದಲ್ಲೂ ಇದೇ ಕಂಡಿತು: ಆರೋಹಿಗಳು ಹೆಚ್ಚಾಗಿ ಸಾಯುವುದು ತುದಿ ಮುಟ್ಟಿ ಇಳಿಯುವಾಗ, ಶೆರ್ಪಾಗಳು ಸಾಯುವುದು ಕೆಳಗೆ, ದಾರಿ ಮಾಡುವಲ್ಲಿ. ಹಿಂದೆ ಬೀಳುವುದು, ಮಂಕು, ತೂರಾಟ, ಸುಮ್ಮನೆ ಕೂತುಬಿಡುವುದು ಮುನ್ಸೂಚನೆ. 8,000 ಮೀಟರ್ ಮೇಲೆ ಕೂತವರನ್ನು ಎಬ್ಬಿಸಿ ಇಳಿಸಲು ಹಲವು ಜನ ಬೇಕು, ಹೆಲಿಕಾಪ್ಟರ್ ವಾಡಿಕೆಯಾಗಿ ಬರುವುದು ಕ್ಯಾಂಪ್ 2ರವರೆಗೆ.

ಅಲ್ಲಿಗೆ ಬಂದವರಿಗೂ ಐಸ್‌ಫಾಲ್ ಇನ್ನೊಮ್ಮೆ ಬಾಕಿ ಇರುತ್ತದೆ. ಮೇ ಕೊನೆಗೆ ಬಿಸಿಲೇರಿ ಹಗ್ಗದ ಗೂಟಗಳು ಸಡಿಲವಾಗಿರುತ್ತವೆ, ಏಣಿಗಳು ಓಲುತ್ತವೆ. ತಿಂಗಳು ಮುಗಿಯುವ ಹೊತ್ತಿಗೆ ಐಸ್‌ಫಾಲ್ ಡಾಕ್ಟರ್‌ಗಳು ಏಣಿ ಕಿತ್ತು ದಾರಿ ಮುಚ್ಚುತ್ತಾರೆ. ಆ ದಿನಾಂಕವನ್ನು ಮೊದಲೇ ಕೇಳಿಕೊಂಡು, ಕೊನೆಯ ದಾಟುವಿಕೆಯನ್ನೂ ರಾತ್ರಿ ಎರಡಕ್ಕೇ ಇಟ್ಟುಕೊಳ್ಳಬೇಕು.