ನನ್ನ ಮಷಿನ್‌ನಲ್ಲಿ ಓಡ್ತಿತ್ತಲ್ಲ!

ಹೋದ ವರ್ಷ ಜರ್ಮನಿಯಿಂದ ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿ ಮೇಲ್ ಹಾಕಿದ್ದರು. ನಮ್ಮ 2017ರ ಸಂಶೋಧನಾ ಪೇಪರಿನ ಟೂಲ್ ಬಿಲ್ಡ್ ಆಗ್ತಿಲ್ಲ, ಸ್ವಲ್ಪ ನೋಡ್ತೀರಾ ಅಂತ. ಬಿಲ್ಡ್ ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವುದು. ಆ ಕೋಡ್ ಬರೆದವಳು ನಾನೇ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ಗೆ ಹಾಕಿ, ಪೇಪರಿನ ಮೊದಲ ಪುಟದಲ್ಲೇ ಲಿಂಕ್ ಕೊಟ್ಟು, ನನ್ನ ಕೆಲಸ ಮುಗೀತು ಅಂದುಕೊಂಡಿದ್ದೆ. ಮೇಲ್ ಓದಿದಾಗ ಮೊದಲು ಅನ್ನಿಸಿದ್ದು, ಆ ಹುಡುಗಿಯೇ ಏನೋ ತಪ್ಪು ಮಾಡಿರಬೇಕು ಅಂತ. ಹೊಸ ಲ್ಯಾಪ್‌ಟಾಪ್‌ನಲ್ಲಿ ಹತ್ತು ನಿಮಿಷದಲ್ಲಿ ಬಿಲ್ಡ್ ಮಾಡಿ ತೋರಿಸೋಣ ಅಂತ ಕೂತೆ.

ಎಂಟು ದಿನ ಹಿಡಿಯಿತು.

ಮೊದಲ ದಿನ, ಕೋಡಿನ ತುಂಡುಗಳನ್ನು ಜೋಡಿಸುವ ಲಿಂಕರ್ ಕೈಕೊಟ್ಟಿತು. ಒಂದು ಹೆಡರ್ ಫೈಲಿನಲ್ಲಿ ಎಕ್ಸ್‌ಟರ್ನ್ ಅಂತ ಬರೆಯದೆ ಗ್ಲೋಬಲ್ ವೇರಿಯಬಲ್ ಇಟ್ಟಿದ್ದೆ, ಹಾಗಾಗಿ ಅದೇ ಹೆಸರು ಹಲವು ಕಡೆ ಹುಟ್ಟಿಕೊಂಡಿತ್ತು. ಹಳೆಯ ಜಿಸಿಸಿ (ಸಿ ಕೋಡಿನ ಕಂಪೈಲರ್) ಇದನ್ನು ಕಂಡೂ ಕಾಣದ ಹಾಗೆ ಬಿಡುತ್ತಿತ್ತು. 2020ರಲ್ಲಿ ಬಂದ ಜಿಸಿಸಿ 10ರಿಂದ ಬಿಡುವುದಿಲ್ಲ. ಅದನ್ನು ಸರಿ ಮಾಡಿದರೆ ಪೈಥಾನ್ ಭಾಗ ನಿಂತಿತು. ಬೇಕಾದ ಲೈಬ್ರರಿಗಳ ಪಟ್ಟಿಯಲ್ಲಿ ಲೆಕ್ಕಕ್ಕೆ ಬಳಸುವ ನಂಪೈ ಅಂತ ಹೆಸರಷ್ಟೇ ಇತ್ತು, ವರ್ಷನ್ ಇರಲಿಲ್ಲ. ದಿನಸಿ ಚೀಟಿಯಲ್ಲಿ ‘ಬೇಳೆ ಒಂದು ಕೆಜಿ’ ಅಂತ ಬರೆದು, ತೊಗರಿಯೋ ಹೆಸರೋ ಅಂಗಡಿಯವನೇ ನೋಡಿಕೊಳ್ಳಲಿ ಅಂದ ಹಾಗೆ. ಲೈಬ್ರರಿ ಇಳಿಸಿಕೊಡುವ ಪಿಪ್ ಹೊಸದನ್ನೇ ತಂದು ಕೊಟ್ಟಿತು. ನಾನು ಎಲ್ಲ ಕಡೆ ಬಳಸಿದ್ದ ‘ಎನ್‌ಪಿ ಡಾಟ್ ಫ್ಲೋಟ್’ ಅನ್ನುವ ಹೆಸರನ್ನು ನಂಪೈ 1.24ರಲ್ಲೇ ತೆಗೆದುಹಾಕಿದ್ದರು.

ಇದೆಲ್ಲ ಸಣ್ಣ ತಲೆನೋವು. ಎರರ್ ಬಂದರೆ ಕನಿಷ್ಠ ಗೊತ್ತಾದರೂ ಆಗುತ್ತೆ, ಅಲ್ವಾ? ನಾಲ್ಕನೇ ದಿನ ಎರರ್ ಇಲ್ಲದೆ ಓಡಿತು, ನಂಬರ್ ಮಾತ್ರ ಬೇರೆ ಬಂತು. ವ್ಯತ್ಯಾಸ ದಶಮಾಂಶದ ಪಾಯಿಂಟಿನ ಆಚೆ ಇದ್ದಿದ್ದರೆ ಸುಮ್ನೆ ಬಿಡುತ್ತಿದ್ದೆನೋ ಏನೋ. ಪಾಯಿಂಟಿನ ಈಚೆಗೇ ಇತ್ತು.

ರ‍್ಯಾಂಡಮ್ ಸೀಡ್, ಅಂದರೆ ಮನಬಂದಂತೆ ಬರುವ ನಂಬರುಗಳ ಸಾಲನ್ನು ಶುರು ಮಾಡುವ ನಂಬರ್ ನೋಡಿದೆ, ಸರಿಯಿತ್ತು. ಒಂದೊಂದೇ ಲೈಬ್ರರಿಯ ಹಳೆಯ ವರ್ಷನ್ ಹಾಕಿ ನೋಡಿದೆ, ಏನೂ ಬದಲಾಗಲಿಲ್ಲ. ಕೊನೆಗೆ ಸಿಕ್ಕಿದ್ದು ಒಂದೇ ಒಂದು ಸಾಲಿನಲ್ಲಿ. ಡೇಟಾ ಫೋಲ್ಡರಿನ ಫೈಲುಗಳನ್ನು ‘ಓಎಸ್ ಡಾಟ್ ಲಿಸ್ಟ್‌ಡಿರ್’ನಿಂದ ಓದಿ, ಮೊದಲ ಭಾಗ ಟ್ರೈನಿಂಗಿಗೆ (ಪ್ರೋಗ್ರಾಂ ಕಲಿಯಲಿಕ್ಕೆ), ಉಳಿದದ್ದು ಟೆಸ್ಟಿಂಗಿಗೆ (ಕಲಿತದ್ದನ್ನು ಪರೀಕ್ಷಿಸಲಿಕ್ಕೆ) ಅಂತ ಕತ್ತರಿಸಿದ್ದೆ. ಫೈಲುಗಳು ಯಾವ ಕ್ರಮದಲ್ಲಿ ಬರುತ್ತವೆ ಅಂತ ಆ ಫಂಕ್ಷನ್ ಮಾತು ಕೊಡುವುದೇ ಇಲ್ಲ. ಲಿನಕ್ಸಿನ ಎಕ್ಸ್ಟ್4 ಫೈಲ್‌ಸಿಸ್ಟಮ್‌ನಲ್ಲಿ ಆ ಕ್ರಮ ಫೈಲಿನ ಹೆಸರಿನಿಂದ ಲೆಕ್ಕ ಹಾಕಿದ ಒಂದು ನಂಬರ್, ಅಂದರೆ ಹ್ಯಾಶ್ ಮೇಲೆ ನಿಂತಿದೆ. ಆ ಹ್ಯಾಶಿಗೆ ಸೇರುವ ಸೀಡ್, ಡಿಸ್ಕ್ ಫಾರ್ಮ್ಯಾಟ್ ಮಾಡುವಾಗ ಹುಟ್ಟುತ್ತದೆ. ಅಂದರೆ ನಮ್ಮ ಪೇಪರಿನ ಟೇಬಲ್, ಲ್ಯಾಬಿನ ಮೂಲೆಯ ಒಂದು ಹಳೆಯ ಡಿಸ್ಕಿನ ಹಣೆಬರಹಕ್ಕೆ ಅಂಟಿಕೊಂಡಿತ್ತು.

ಪ್ರೊಫೆಸರ್ ಹತ್ತಿರ ಹೋಗಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಟೇಬಲ್ ಸುಳ್ಳೇನಮ್ಮಾ?" ಅಂದರು.

"ಸುಳ್ಳಲ್ಲ ಸರ್. ಒಂದೇ ಸಲದ ಅದೃಷ್ಟ."

ಪುಣ್ಯಕ್ಕೆ ಆ ಡಿಸ್ಕನ್ನು ಯಾರೂ ಗುಜರಿಗೆ ಹಾಕಿರಲಿಲ್ಲ. ಅದರಿಂದ ಹಳೆಯ ಕ್ರಮವನ್ನು ಒಂದು ಪಟ್ಟಿಯಾಗಿ ಬರೆದುಕೊಂಡೆ. ಆ ಪಟ್ಟಿ ಕೊಟ್ಟಾಗ ಹೊಸ ಲ್ಯಾಪ್‌ಟಾಪ್‌ನಲ್ಲೂ ಹಳೆಯ ನಂಬರ್ ಬಂತು. ಆಮೇಲೆ ಇಪ್ಪತ್ತು ಬೇರೆ ಬೇರೆ ರೀತಿ ಕತ್ತರಿಸಿ ಓಡಿಸಿ, ಸರಾಸರಿಯ ಜೊತೆ ಕಡಿಮೆ ಎಷ್ಟು, ಜಾಸ್ತಿ ಎಷ್ಟು ಅಂತ ಹಾಕಿ ಆ ವಿದ್ಯಾರ್ಥಿನಿಗೆ ಕಳಿಸಿದೆ. ನಮ್ಮ ವಿಧಾನ ಈಗಲೂ ಹಳೆಯ ವಿಧಾನಕ್ಕಿಂತ ಮೇಲೇ ಇದೆ. ಪೇಪರಿನಲ್ಲಿ ಕೊಚ್ಚಿಕೊಂಡಷ್ಟು ಅಲ್ಲ, ಅಷ್ಟೇ.

ನಮ್ಮದೇನು ಅಪರೂಪದ ಕತೆಯಲ್ಲ. ಅರಿಜೋನಾ ವಿಶ್ವವಿದ್ಯಾಲಯದ ಕೋಲ್‌ಬರ್ಗ್ ಮತ್ತು ಪ್ರೋಬ್‌ಸ್ಟಿಂಗ್ ಕಂಪ್ಯೂಟರ್ ಸಿಸ್ಟಮ್ಸ್ ಪೇಪರುಗಳ ಕೋಡ್ ಹುಡುಕಿ ಹೊರಟು, 2016ರಲ್ಲಿ ಲೆಕ್ಕ ಕೊಟ್ಟರು. ಕೋಡ್ ಆಧಾರದ 402 ಪೇಪರುಗಳಲ್ಲಿ ಅರ್ಧ ಗಂಟೆಯೊಳಗೆ ಬಿಲ್ಡ್ ಆಗಿದ್ದು ಸುಮಾರು ಮೂರನೇ ಒಂದು ಭಾಗದ್ದು ಮಾತ್ರ. ಅವರು ನೋಡಿದ್ದು ಬರೀ ಬಿಲ್ಡ್. ನಂಬರ್ ಸರಿಯಾಗಿ ಬರುತ್ತಾ ಅಂತ ಪರೀಕ್ಷಿಸಲಿಕ್ಕೇ ಹೋಗಲಿಲ್ಲ!

"ಡಾಕರ್ ಹಾಕಿದ್ರೆ ಆಯ್ತಲ್ಲ" ಅನ್ನುವವರು ನಮ್ಮಲ್ಲೂ ಇದ್ದಾರೆ. ಡಾಕರ್ ಅಂದರೆ ಕೋಡಿಗೆ ಬೇಕಾದದ್ದನ್ನೆಲ್ಲ ಒಂದೇ ಡಬ್ಬಿಯಲ್ಲಿ ಕಟ್ಟಿಕೊಡುವ ಟೂಲ್. ಡಾಕರ್‌ಫೈಲ್ ಒಂದು ಅಡುಗೆ ಚೀಟಿ, ಮಾಡಿಟ್ಟ ಅಡುಗೆಯಲ್ಲ. ಅದರಲ್ಲಿ ‘ಉಬುಂಟು ಲೇಟೆಸ್ಟ್’ ಅಂತ ಬರೆದರೆ ಮುಂದಿನ ವರ್ಷ ಸಿಗುವುದು ಬೇರೆಯೇ ಉಬುಂಟು. ಹಾಗಾಗಿ ಈಗ ಮಾಡಿಟ್ಟ ಅಡುಗೆಯನ್ನೇ, ಅಂದರೆ ಡಾಕರ್ ಇಮೇಜನ್ನೇ ಫೈಲಾಗಿ ಉಳಿಸಿ, ಕೋಡ್ ಜೊತೆ ಜೆನೊಡೊ ಅನ್ನುವ ಸಂಶೋಧನಾ ಸಂಗ್ರಹಕ್ಕೆ ಹಾಕುತ್ತೇವೆ. ಗಿಟ್‌ಹಬ್ ಇದೆಯಲ್ಲ ಅಂದರೆ, ಅದರ ಹಾಗೇ ಕೋಡ್ ಇಡುವ ಗೂಗಲ್ ಕೋಡ್ ಕೂಡ ಇತ್ತು. 2016ರಲ್ಲಿ ಬಾಗಿಲು ಹಾಕಿತು.

ಇನ್ನೊಂದು ರೂಢಿ ಶುರು ಮಾಡಿದ್ದೇವೆ. ಪೇಪರ್ ಕಳಿಸುವ ಮುಂಚೆ, ಆ ಪ್ರಾಜೆಕ್ಟಿನ ಗಂಧಗಾಳಿ ಇಲ್ಲದ ಒಬ್ಬರಿಗೆ ಖಾಲಿ ಮಷಿನ್ ಮತ್ತು ಬಳಸುವ ವಿಧಾನ ಬರೆದ ರೀಡ್‌ಮಿ ಮಾತ್ರ ಕೊಡುವುದು. ಬರೆದವರು ಪಕ್ಕದಲ್ಲಿ ಕೂರಬೇಕು, ಬಾಯಿ ಬಿಡಬಾರದು. ಇದು ಕೇಳಿದಷ್ಟು ಸುಲಭ ಅಲ್ಲ.

ಕಳೆದ ವಾರ ನನ್ನ ಸರದಿ. ಹಾಸನದಿಂದ ಬಂದ ಹೊಸ ಇಂಟರ್ನ್ ಹುಡುಗ ಮೂರನೇ ಕಮ್ಯಾಂಡಿಗೇ ನಿಂತುಬಿಟ್ಟ. ಸ್ಕ್ರೀನ್ ನೋಡಿದ, ನನ್ನ ಮುಖ ನೋಡಿದ, ಮತ್ತೆ ಸ್ಕ್ರೀನ್ ನೋಡಿದ.

"ಮೇಡಂ, ಇಲ್ಲಿ ನಿಮ್ಮ ಹೋಮ್ ಫೋಲ್ಡರಿನ ಹೆಸರೇ ಇದೆಯಲ್ಲಾ... ಇದು ನನ್ನ ಮಷಿನ್‌ನಲ್ಲಿ ಹೇಗೆ ಸಿಗುತ್ತೆ?"

ನಾನು ಬಾಯಿ ಬಿಡಲಿಲ್ಲ.