ತುರ್ತು ಚಿಕಿತ್ಸೆಯ ಪದವಿಗೆ ಸೇರಿದ ಮೇಲೆ

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜೊಂದರಲ್ಲಿ ತುರ್ತು ಮತ್ತು ಅಪಘಾತ ಚಿಕಿತ್ಸಾ ತಂತ್ರಜ್ಞಾನದ ಬಿ.ಎಸ್ಸಿ. ಪದವಿಗೆ ಈ ವರ್ಷ ಸೇರಿದ್ದೇನೆ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಹಾಗಾದರೆ ಇದೇನು ಓದು ಎಂದು ಬಂಧುಗಳು ಕೇಳುತ್ತಾರೆ. 2008ರಲ್ಲಿ ಕರ್ನಾಟಕದಲ್ಲಿ 108 ಆರೋಗ್ಯ ಕವಚ ಆರಂಭವಾದ ಮೇಲೂ ಆಂಬುಲೆನ್ಸ್ ಎಂದರೆ ರೋಗಿಯನ್ನು ಬೇಗ ಸಾಗಿಸುವ ವಾಹನ ಎಂದಷ್ಟೇ ಭಾವಿಸುವವರು ಹಲವರಿದ್ದಾರೆ. ಆದರೆ ಚಿಕಿತ್ಸೆ ರಸ್ತೆಯ ಬದಿಯಲ್ಲೇ ಶುರುವಾಗಬೇಕು ಎಂಬುದೇ ಈ ವಿದ್ಯೆಯ ಮೂಲ.

ಅಂಗರಚನೆ, ಶರೀರಕ್ರಿಯೆಗಳ ಪಾಠ ನಡೆಯುತ್ತಿದೆ. ನನ್ನ ಮನಸ್ಸನ್ನು ಹಿಡಿದಿರುವುದು ಮಾತ್ರ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವ ಅಭ್ಯಾಸ. ಬೊಂಬೆಯ ಎದೆಮೂಳೆಯ ಕೆಳಭಾಗದಲ್ಲಿ ಅಂಗೈಯ ಬುಡವನ್ನಿಟ್ಟು, ಮೊಣಕೈ ಬಾಗಿಸದೆ, ಭುಜದ ಭಾರದಿಂದ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡುವುದು ಒತ್ತುವಷ್ಟೇ ಮುಖ್ಯ, ಏಕೆಂದರೆ ಹೃದಯಕ್ಕೆ ರಕ್ತ ಮರಳಿ ತುಂಬುವುದು ಆ ಕ್ಷಣದಲ್ಲೇ. ಒತ್ತುವವರು ಬೇಗ ದಣಿಯುತ್ತಾರೆ, ದಣಿದದ್ದು ಅವರಿಗೇ ತಿಳಿಯುವುದಿಲ್ಲ; ಆದ್ದರಿಂದ ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು.

2021ರ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ನಮ್ಮಂಥವರ ಕೆಲಸಕ್ಕೆ ಕಾನೂನಿನ ಮನ್ನಣೆ ಕೊಟ್ಟಿದೆ. ಸಂಬಳ ಮತ್ತು ಗೌರವ ಎರಡೂ ಅದಕ್ಕೆ ತಕ್ಕಂತೆ ಏರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕೊನೆಯ ವರ್ಷದ ಇಂಟರ್ನ್‌ಶಿಪ್‌ನಲ್ಲಿ ತುರ್ತು ವಿಭಾಗದ ರಾತ್ರಿ ಪಾಳಿಗೆ ನಿಲ್ಲುವುದನ್ನು ನಾನು ಈಗಿನಿಂದಲೇ ಎದುರು ನೋಡುತ್ತಿದ್ದೇನೆ.