ಹಿತಕಿದ ಅವರೆ, ಬಾಯಿಗೆ ಬಂದ ಮಾತು

12 ಜನವರಿ 2025, ಭಾನುವಾರ
ಬೆಂಗಳೂರು

ಬೆಳಿಗ್ಗೆಯಿಂದ ತ್ಯಾಗರಾಜನಗರದ ಚಿಕ್ಕಮ್ಮನ ಮನೆಯಲ್ಲಿದ್ದೆ. ರಾತ್ರಿ ನೆನೆಹಾಕಿದ್ದ ಅವರೆಕಾಳು ಹಿತಕುತ್ತಾ ಚಿಕ್ಕಮ್ಮ, ಅವರ ಮಗಳು ಅಂದರೆ ನನ್ನ ತಂಗಿ, ನಾನು, ಮೂವರೂ ನೆಲದ ಮೇಲೆ ಕೂತಿದ್ದೆವು. ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ನನ್ನದೊಂದು ಸೀದಾ ಸೋಫಾ ಕೆಳಗೆ ಹೋಯಿತು.

ಅವರೆ ಹಿತಕುವಾಗ ಬಾಯಿ ಸುಮ್ನೆ ಇರುತ್ತಾ? ನಮ್ಮ ಮನೆ ಓನರ್ ಕಥೆ ತೆಗೆದೆ. ಬೆಳಿಗ್ಗೆ ನಗುನಗುತ್ತಾ ಮಾತಾಡಿಸುತ್ತಾರೆ, ಸಂಜೆ ನೀರಿನ ಬಿಲ್ ಹಿಡಿದು ಮೆಟ್ಟಿಲ ಮೇಲೆ ಕೂಗಾಡುತ್ತಾರೆ. "ಪಕ್ಕಾ ಬೈಪೋಲಾರ್ ಕಣೇ" ಅಂದೆ ತಂಗಿಗೆ.

ತಂಗಿ ತಲೆ ಎತ್ತಲಿಲ್ಲ. ಚಿಕ್ಕಮ್ಮನ ಕೈ ಒಂದು ಗಳಿಗೆ ನಿಂತಿತು.

ಬೈಪೋಲಾರ್ ಅನ್ನೋ ಮನಸ್ಸಿನ ಕಾಯಿಲೆ ಇರುವುದು ಚಿಕ್ಕಮ್ಮನಿಗೇ. ಅದಕ್ಕೆ 2009ರಿಂದ ಲಿಥಿಯಂ ಅನ್ನೋ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ಮಾತ್ರೆ ಇರುವುದು ಅಡುಗೆಮನೆಯಲ್ಲಿ, ಉಪ್ಪಿನ ಡಬ್ಬಿ ಪಕ್ಕ. ಆಗಾಗ ರಕ್ತ ಪರೀಕ್ಷೆ ಆಗಲೇಬೇಕು. ರಕ್ತದಲ್ಲಿ ಲಿಥಿಯಂ ಕಮ್ಮಿಯಾದರೆ ಕೆಲಸ ಮಾಡಲ್ಲ, ಜಾಸ್ತಿಯಾದರೆ ವಿಷ. ಕಿಡ್ನಿ, ಥೈರಾಯ್ಡ್ ಮೇಲೂ ಕಣ್ಣಿಡಬೇಕು. ಆ ವರ್ಷ ಹತ್ತು ದಿನ ಸರಿಯಾಗಿ ನಿದ್ದೆಯೇ ಇಲ್ಲದೆ ಓಡಾಡಿದ್ದರು. ಒಂದೇ ಮಧ್ಯಾಹ್ನ ಚಿಕ್ಕಪೇಟೆಯಿಂದ ಹನ್ನೊಂದು ಸೀರೆ ತಂದಿದ್ದರು. ಆಮೇಲೆ ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ ಅನ್ನೋ ಲೆಕ್ಕ ಅಲ್ಲ ಅದು. ಇದೆಲ್ಲ ಗೊತ್ತಿದ್ದೂ ಅಂದೆನಲ್ಲ.

ಆಫೀಸಿನಲ್ಲಿ ನಮಗೆ ಹೀಗೆ ಕಾಯಿಲೆ ಹೆಸರಿಟ್ಟು ಮಾತಾಡುವುದೇ ರೂಢಿ. ತನ್ನ ಬಗ್ಗೆಯೇ ಕೊಚ್ಚಿಕೊಳ್ಳುವ ಮ್ಯಾನೇಜರ್ ನಾರ್ಸಿಸಿಸ್ಟ್, ಟೇಬಲ್ ಒರೆಸಿಕೊಂಡು ಕೂರುವ ಹುಡುಗಿ ಓಸಿಡಿ. ಈ ಊರಿನ ಲುನಾಟಿಕ್ ಅಸೈಲಮ್ (ಹುಚ್ಚಾಸ್ಪತ್ರೆ) ಹೆಸರನ್ನು 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಅಂತ ಬದಲಾಯಿಸಿದರು. ಆ ಮೆಂಟಲ್ಲೂ ಬೈಗುಳವಾಯಿತು. 1974ರಲ್ಲಿ ನಿಮ್ಹಾನ್ಸ್ ಆಯಿತು. ಶಾಲೆಯಲ್ಲಿ ನಾವು ಒಬ್ಬರಿಗೊಬ್ಬರು "ನಿಮ್ಹಾನ್ಸ್ ಕೇಸ್" ಅಂದುಕೊಂಡೇ ಬೆಳೆದೆವು.

"ಬಿಲ್ ಎಷ್ಟು ಬಂದಿತ್ತೇ?" ಚಿಕ್ಕಮ್ಮ ಕೇಳಿದರು.

ಹೇಳಿದೆ. ಮೋಟರ್ ಆಫ್ ಮಾಡೋದು ಮರೆತು ಮೂರು ಸಲ ಟ್ಯಾಂಕ್ ತುಂಬಿ ಹರಿದಿದ್ದನ್ನೂ ಹೇಳಬೇಕಾಯಿತು. ಮರೆತವಳು ನಾನೇ.

"ಮತ್ತೆ ಕೂಗಾಡದೆ ಏನು ಮಾಡ್ತಾರೆ ಪಾಪ" ಅಂದು ನಕ್ಕರು. ತಂಗಿ ನಗಲಿಲ್ಲ.

ಅಜ್ಜಿ ಆಗಿದ್ದರೆ ಓನರನ್ನು ಮುಂಗೋಪಿ ಅನ್ನುತ್ತಿದ್ದರು. ಮುಂಗೋಪಿ ಅಂದರೆ ಯಾಕೆ ಕೋಪ ಬಂತು ಅಂತ ಯಾರಾದರೂ ಕೇಳುತ್ತಾರೆ. ಬೈಪೋಲಾರ್ ಅಂದರೆ ಮೋಟರಿನ ಮಾತೇ ಬರಲ್ಲ. ನನಗೆ ಅದೇ ಅನುಕೂಲ ಆಗಿತ್ತು, ಅಲ್ವಾ?

ಹೊರಡುವಾಗ ತಂಗಿ ಹತ್ತಿರ ಸಾರಿ ಅಂದೆ. "ಅಮ್ಮಂಗೆ ಹೇಳು" ಅಂದಳು. ಚಿಕ್ಕಮ್ಮ ಅಷ್ಟರಲ್ಲಿ ಸಾರಿನ ಡಬ್ಬಿಗೆ ಮುಚ್ಚಳ ಹಾಕಿ, ಚೆಲ್ಲದಿರಲಿ ಅಂತ ಎರಡು ಕವರ್ ಸುತ್ತುತ್ತಿದ್ದರು. ಹೇಳೋಕೆ ಬಾಯಿ ಬರಲಿಲ್ಲ. ಸಂಕ್ರಾಂತಿಗೆ ಮತ್ತೆ ಹೋಗಬೇಕು.